ಲೇಸರಿಗೆ ಅಡ್ಡ ಹಿಡಿದ ಲಗ್ನಪತ್ರಿಕೆ

“ಬಾಗಿಲ ಹಾಕ್ರೀ! ಬೆಳಕ ಬಂತು... ಎಲ್ಲಾ ಹಾಳಾತು!”

ಕತ್ತಲೆಯ ಲ್ಯಾಬಿನೊಳಗಿಂದ ಮೃದುಲಾ ಕನ್ನಡದಲ್ಲೇ ಕಿರುಚಿದ್ದಳು. ನಾಗಪುರದಲ್ಲೇ ಹುಟ್ಟಿ ಬೆಳೆದವಳಿಗೆ ಸಿಟ್ಟು ಬಂದಾಗ ಮಾತ್ರ ಮನೆಮಾತು ಬಾಯಿಗೆ ಬರುತ್ತಿತ್ತು!

“ಅರೇ, ನೀವೂ ನಮ್ಮ ಕಡೆಯವರೇನ್ರಿ?”

ಬಾಗಿಲಲ್ಲಿ ನಿಂತು ನಕ್ಕವನು ಹೃಷಿಕೇಶ. ಲೇಸರ್ ನೋಡಿಕೊಳ್ಳಲು ಅಂದೇ ಕೆಲಸಕ್ಕೆ ಸೇರಿದ್ದ ಧಾರವಾಡದ ಹುಡುಗ.

ಅದು ೨೦೦೪ರ ಜನವರಿ. ಮಾರ್ಚ್ ಹೊತ್ತಿಗೆ ಇಬ್ಬರಿಗೂ ಸದರ್ ಪೇಟೆಯ ಅಂಗಡಿಯಲ್ಲಿ ಒಟ್ಟಿಗೆ ಚಹಾ ಕುಡಿಯುವುದು ರೂಢಿಯಾಗಿತ್ತು. ಮನಸ್ಸಿನ ಮಾತು ಮಾತ್ರ ಇನ್ನೂ ಬಾಯಿಗೆ ಬಂದಿರಲಿಲ್ಲ.

ಮೃದುಲಾಳ ಪಿಎಚ್‌ಡಿ ಒಂದು ಸಣ್ಣ ಚಿಪ್ ಮೇಲೆ ನಿಂತಿತ್ತು. ಅರೆವಾಹಕದ ಮೇಲೆ ಚಿನ್ನದ ಪಟ್ಟಿಗಳು. ಲೇಸರ್ ಮಿಂಚಿದರೆ ಚಿನ್ನದೊಳಗಿನ ಎಲೆಕ್ಟ್ರಾನುಗಳು ಒಟ್ಟಾಗಿ ತೂಗಾಡಿ, ಬೆಳಕನ್ನು ಪಟ್ಟಿಗಳ ಸಂದಿಗೆ ಎಳೆಯಬೇಕು. ಕರೆಂಟು ಹರಿದು ತಕ್ಷಣ ನಿಲ್ಲಬೇಕು. ಬೆಳಕಿನಿಂದ ನಡೆಯುವ ಸ್ವಿಚ್! ಅದೂ ಪಿಕೋಸೆಕೆಂಡಿನಲ್ಲಿ, ಅಂದರೆ ಸೆಕೆಂಡಿನ ಲಕ್ಷ ಕೋಟಿಯ ಒಂದು ಪಾಲಿನಲ್ಲಿ.

ಸಿಗ್ನಲ್ ಕಂಡಾಗಲೆಲ್ಲ ಹೃಷಿಕೇಶ ಕೈಗೆ ಸಿಕ್ಕ ಕಾರ್ಡನ್ನು ಕಿರಣಕ್ಕೆ ಅಡ್ಡ ಹಿಡಿಯುತ್ತಿದ್ದ. ಬೆಳಕು ನಿಂತ ಮೇಲೂ ಸಿಗ್ನಲ್ ಉಳಿದರೆ ಅದು ಸುಳ್ಳು. ಇಷ್ಟು ದಿನ ಬರೀ ಸುಳ್ಳೇ!

ಒಂದು ಸೋಮವಾರ ಅವನು ಜೇಬಿನಿಂದ ತೆಗೆದು ಹಿಡಿದದ್ದು ಲಗ್ನಪತ್ರಿಕೆ. ಕೆಂಪು ಚುಕ್ಕೆ ಬಿದ್ದಲ್ಲಿ ಒಂದೇ ಹೆಸರು ಕಂಡಿತು. ಮೃದುಲಾಳಿಗೆ ಕನ್ನಡ ಓದು ಅಷ್ಟಕ್ಕಷ್ಟೇ. ಅಕ್ಷರ ಕೂಡಿಸಿ ಓದಿದಳು... ಹೃ... ಷಿ... ಕೇ... ಶ.

‘ಅಯ್ಯೋ! ಇವರ ಮದುವೆಯೇ? ನನಗೊಂದು ಮಾತೂ ಹೇಳದೆ?’

ಅಂದಿನಿಂದ ಚಹಾ ಬಂದ್. ಕೇಳಿದ್ದಕ್ಕೆ ‘ಹಾಂ’, ಇಲ್ಲವೇ ‘ನಾಹೀ’. ಹೃಷಿಕೇಶನಿಗೆ ತಲೆಬುಡ ತಿಳಿಯಲಿಲ್ಲ.

ಎಂಟನೇ ದಿನ ಮಧ್ಯಾಹ್ನ ಪರದೆಯ ಮೇಲೆ ಚೂಪಾದ ಗೆರೆಯೊಂದು ಎದ್ದು ತಟ್ಟನೆ ಇಳಿಯಿತು. ಹೃಷಿಕೇಶ ಅದೇ ಪತ್ರಿಕೆ ಅಡ್ಡ ಹಿಡಿದ. ಗೆರೆ ಮಾಯ! ತೆಗೆದ. ಗೆರೆ ಬಂತು!

“ಖರೇನ ಅದ ರೀ! ನಿಮ್ಮ ಸ್ವಿಚ್ ಖರೇನ ಅದ!”

ಮೃದುಲಾ ಕುಣಿದಾಡಿಬಿಟ್ಟಳು. ಮರುಕ್ಷಣವೇ ಅವನ ಕೈಯಲ್ಲಿದ್ದ ಪತ್ರಿಕೆ ಕಂಡು ಒಂದು ಹೆಜ್ಜೆ ಹಿಂದೆ ಸರಿದಳು.

“ನಿಮ್ಮ ಲಗ್ನಕ್ಕ... ಅಭಿನಂದನ.”

“ನನ್ನ ಲಗ್ನ? ಯಾರ ಹೇಳಿದ್ರು?”

“ಅದರಾಗ ನಿಮ್ಮ ಹೆಸರ ಅದಲ್ಲ!”

ಅವನು ಲೇಸರ್ ಮುಚ್ಚಿ ದೀಪ ಹಾಕಿದ. ಪತ್ರಿಕೆಯನ್ನು ಅವಳ ಕೈಗಿತ್ತ.

“ಈಗ ಪೂರಾ ಓದ್ರಿ.”

ನಡುವೆ ದೊಡ್ಡಕ್ಷರದಲ್ಲಿ ‘ಚಾರುಲತಾ’. ಅವನ ಹೆಸರಿದ್ದದ್ದು ತೀರಾ ಕೆಳಗೆ, ಕರೆಯುವವರ ಸಾಲಿನಲ್ಲಿ.

“ನಮ್ಮ ಅಕ್ಕನ ಲಗ್ನ ರೀ! ನಿಮಗ ಕೊಡಬೇಕಂತನ ತಂದಿದ್ದೆ. ನೀವು ಮಾತ ಬಿಟ್ರಿ...” ಅವನ ದನಿ ಮೆತ್ತಗಾಯಿತು. “ಅವ್ವನ ಮುಂದ ನಿಮ್ಮನ್ನ ನಿಲ್ಲಿಸಿ, ಇಕಿನ ನಿನ್ನ ಸೊಸಿ ಅನ್ನಬೇಕಂತಿದ್ದೆ. ಬರ್ತೀರೇನು?”

ಅವಳ ಕೆನ್ನೆ ಕೆಂಪಾಯಿತು. ಖುಷಿಗೆ ಕಣ್ಣು ತುಂಬಿ ಬಂತು.

“ಹೂಂ...”

“ಖರೇ?”

ಮೃದುಲಾ ಪತ್ರಿಕೆಯನ್ನು ಎದೆಗೊತ್ತಿಕೊಂಡಳು.

“ಇದಕ್ಕ ಕಾರ್ಡ ಅಡ್ಡ ಹಿಡಿದು ನೋಡಬ್ಯಾಡ್ರಿ. ಖರೇನ ಅದ.”