ಹಸಿ ಗಾರೆ

ಆಗಸ್ಟ್ ಏಳು, ಬುಧವಾರ. ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ಮೇಸ್ತ್ರಿಯ ಹೆಂಡತಿ ಠಾಣೆಯ ಮೆಟ್ಟಿಲು ಹತ್ತಿದಳು. ಹಳೆಯ ತಂತಿ ಕಚೇರಿಯ ಹಿಂಗೋಡೆ ಕುಸಿದು ಅವಳ ಗಂಡ ಸತ್ತು ಎರಡು ದಿನವಾಗಿತ್ತು. ಅಸಹಜ ಸಾವು ಎಂದು ದಾಖಲಾಗಿ, ಕಡತ ಕಟ್ಟಿಡುವುದೊಂದೇ ಬಾಕಿ ಇತ್ತು.

“ಮರಣಪತ್ರ ಇಲ್ಲಿ ಕೊಡಲ್ಲಮ್ಮ,” ಎಂದ ದಫೇದಾರ, ತಲೆ ಕೂಡ ಎತ್ತದೆ.

“ಅದು ಬೇಡ ಸಾರ್. ನಮ್ಮನೆಯವರೇ ಸುತ್ತಿಗೆ ಬೀಸಿ ಗೋಡೆ ಬೀಳಿಸಿಕೊಂಡ್ರು ಅಂತ ಬರೆದಿದ್ದೀರಂತೆ. ಅದನ್ನ ತೆಗೀರಿ. ನನ್ನ ಮಕ್ಕಳು ಅದನ್ನ ಕೇಳ್ಕೊಂಡು ಬೆಳೀಬೇಕಾ?”

ಒಳಕೋಣೆಯಲ್ಲಿದ್ದ ಇನ್ಸ್‌ಪೆಕ್ಟರ್ ಹೊರಗೆ ಬಂದ. ಆ ಹೇಳಿಕೆ ಕೊಟ್ಟಿದ್ದು ಕಟ್ಟಡ ಉಳಿಸುವ ಸಂಘದ ಅಧ್ಯಕ್ಷೆ. ಅವನು ಅದನ್ನು ಹಿಂದೆಮುಂದೆ ನೋಡದೆ ಒಪ್ಪಿಕೊಂಡಿದ್ದ.

“ಗೋಡೆ ಬೀಳುತ್ತೆ ಅಂತ ನಿಮ್ಮನೆಯವರಿಗೆ ಗೊತ್ತಿತ್ತಾ?”

“ಗೊತ್ತಿತ್ತು. ಸಂಘದ ಮೇಡಂಗೆ ಹೇಳಿದ್ರು. ಅವರು ಕಿವಿ ಮೇಲೆ ಹಾಕ್ಕೊಂಡ್ರೆ ತಾನೆ.”

ಹತ್ತೂ ಐವತ್ತೈದಕ್ಕೆ ಎಫ್‌ಐಆರ್ ಆಯಿತು.

ಸಂಘವೆಂದರೆ ಎಷ್ಟು ದೊಡ್ಡದು ಅಂತೀರಿ, ಆರು ಜನ, ಒಂದು ಮೇಜು. ಅದನ್ನು ಹನ್ನೊಂದು ವರ್ಷದಿಂದ ಹೆಗಲ ಮೇಲೆ ಹೊತ್ತವಳು ಅಧ್ಯಕ್ಷೆ, ನಿವೃತ್ತ ಡ್ರಾಯಿಂಗ್ ಟೀಚರ್. ತಂತಿ ಕಚೇರಿಯ ಮುಂದಿನ ಕೋಣೆಯೇ ಅವಳ ಆಫೀಸು. ಗೋಡೆಯುದ್ದಕ್ಕೂ ಕಪಾಟು, ಕಪಾಟಿನ ತುಂಬ ಕಾಗದದ ಪೊಟ್ಟಣಗಳು. ಒಂದೊಂದರಲ್ಲೂ ಒಂದು ಮೊಳೆ, ಹೆಂಚಿನ ಚೂರು, ಉದುರಿದ ಬಣ್ಣದ ಚಕ್ಕೆ. ಮೇಲೆ ಜಾಗ, ತಾರೀಕು, ದುಂಡನೆಯ ಅಕ್ಷರ.

“ಗೋಡೇಲಿ ಬಿರುಕಿತ್ತಾ?” ಇನ್ಸ್‌ಪೆಕ್ಟರ್ ಕೇಳಿದ.

“ಇತ್ತು. ಅಡ್ಡಲಾಗಿ ಗಾಜಿನ ಪಟ್ಟಿ ಕೂರಿಸಿದ್ವಿ. ಎರಡೂ ತುದಿಗೆ ಗಾರೆ ಮೆತ್ತಿ, ಮೇಲೆ ತಾರೀಕು ಬರೀತೀವಿ. ಗೋಡೆ ಕೂದಲೆಳೆಯಷ್ಟು ಅಲುಗಿದ್ರೂ ಗಾಜು ಒಡೆಯುತ್ತೆ. ಮಾರ್ಚ್ ಮೂರಕ್ಕೆ ಹಾಕಿದ್ದು, ಸೋಮವಾರದವರೆಗೂ ಗಟ್ಟಿಯಾಗಿತ್ತು. ರಿಜಿಸ್ಟರ್ ನೋಡಿ.”

ಪ್ರತಿ ಶುಕ್ರವಾರದ ಎದುರೂ ‘ಭದ್ರ’ ಎಂದಿತ್ತು.

“ಸೋಮವಾರ ಮಧ್ಯಾಹ್ನ ನಗರಸಭೆ ಎಂಜಿನಿಯರ್ ಬರೋರಿದ್ರಂತೆ?”

“ಬರೋರಿದ್ರು. ಗಾಜು ಒಡೆದಿದ್ರೆ ಅವತ್ತೇ ಕೆಡವೋಕೆ ಬರೆದುಬಿಡೋರು. ಅದಕ್ಕೇ ಬಾಯಿ ಬಿಟ್ಕೊಂಡು ಕಾಯ್ತಿದ್ರು.”

ಮಧ್ಯಾಹ್ನ ಎರಡಕ್ಕೆ ಪಂಚರ ಎದುರು ಇಟ್ಟಿಗೆ ರಾಶಿ ಬಗೆಯಲು ಶುರು. ಇಬ್ಬರು ಕಾನ್‌ಸ್ಟೇಬಲ್‌ಗಳು ಬೆವರು ಸುರಿಸಿ ಒಂದೂವರೆ ಗಂಟೆ ಒದ್ದಾಡಿದ ಮೇಲೆ ಗಾಜಿನ ಪಟ್ಟಿ ಕೂರಿಸಿದ್ದ ಇಟ್ಟಿಗೆ ಸಿಕ್ಕಿತು. ಮೇಲೆ ಗಾರೆ, ಗಾರೆಯಲ್ಲಿ ಗಾಜಿನ ತುಂಡು, ತಾರೀಕು ಮಾರ್ಚ್ ಮೂರು. ಇನ್ಸ್‌ಪೆಕ್ಟರ್ ಮುಖ ಸಪ್ಪಗಾಯಿತು. ರಿಜಿಸ್ಟರ್ ಹೇಳಿದ್ದೇ ನಿಜವಾಯಿತಲ್ಲ.

“ಒಸಿ ತೋರಿಸಿ ಸಾರ್,” ಹಗ್ಗದಾಚೆಯಿಂದ ಮೇಸ್ತ್ರಿಯ ಹೆಂಡತಿ ಕೇಳಿದಳು. ಇಪ್ಪತ್ತು ವರ್ಷ ಗಂಡನಿಗೆ ಸುಣ್ಣ ಜರಡಿ ಹಿಡಿದು ಗಾರೆ ಕಲಸಿಕೊಟ್ಟವಳು. ಇನ್ಸ್‌ಪೆಕ್ಟರ್ ಇಟ್ಟಿಗೆ ಹಿಡಿದುಕೊಂಡೇ ಮುಂದೆ ಚಾಚಿದ. ಅವಳು ಹೆಬ್ಬೆರಳ ಉಗುರೂರಿದಳು. ಉಗುರು ಒಳಗಿಳಿಯಿತು.

“ಐದು ತಿಂಗಳ ಗಾರೆ ಕಲ್ಲಾಗಿರುತ್ತೆ. ಇದು ಇನ್ನೂ ಹಸಿ. ಹೆಚ್ಚಂದ್ರೆ ಇಪ್ಪತ್ತು ದಿನದ್ದು.”

ಪಕ್ಕದ ಗೋಡೆಯಲ್ಲಿ ಅದೇ ತಾರೀಕಿನ ಇನ್ನೊಂದು ಪಟ್ಟಿ ಇತ್ತು. ಅಲ್ಲಿ ಉಗುರು ಜಾರಿತು. ಸುಣ್ಣದ ಗಾರೆಯ ಬದಲು ಸಿಮೆಂಟ್ ಮೆತ್ತಿದ್ದರೆ ನಾಲ್ಕು ದಿನಕ್ಕೇ ಕಲ್ಲಾಗಿ, ಯಾವ ದೇವರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಹಳೆಯ ಗೋಡೆಗೆ ಚಿಟಿಕೆ ಸಿಮೆಂಟ್ ಕೂಡ ತಾಗಿಸಬಾರದೆಂಬುದು ಸಂಘದ ಮೊದಲ ನಿಯಮ. ಹೊಸ ಗಾಜಿಗೆ ಹಳೆಯ ತಾರೀಕು ಬರೆದು ಮೋಸ ಮಾಡುವಾಗಲೂ ಆ ಮಹಾತಾಯಿ ಅದನ್ನು ಮುರಿದಿರಲಿಲ್ಲ.

ಇನ್ಸ್‌ಪೆಕ್ಟರ್ ನೇರವಾಗಿ ಕಪಾಟಿಗೆ ಹೋದ. ತುಕ್ಕು ಮೊಳೆಯನ್ನೇ ಎಸೆಯದವಳು ಒಡೆದ ಗಾಜನ್ನು ಎಸೆದಿರುತ್ತಾಳೆಯೇ? ಜುಲೈ ಸಾಲಿನ ಮೂರನೆಯ ಪೊಟ್ಟಣ: ‘ಹಿಂಗೋಡೆಯ ಗಾಜು. ಜುಲೈ 19ರಂದು ಒಡೆದದ್ದು.’

“ಇದು ನಿಮ್ಮ ಅಕ್ಷರ ತಾನೆ?”

ಅವಳು ಪಕ್ಕದ ಪೊಟ್ಟಣಗಳನ್ನು ಸಾಲಿಗೆ ಸರಿಸಿದಳು. ಆಮೇಲೆ, “ನಮ್ಮಲ್ಲಿ ಏನನ್ನೂ ಎಸೆಯಲ್ಲ,” ಎಂದಳು.

“ಆಸರೆಗೆ ಎರಡು ಕಂಬ ಕೊಡಬಹುದಿತ್ತಲ್ಲ?”

“ಕೊಟ್ಟಿದ್ರೆ ಎಂಜಿನಿಯರ್ ಕಣ್ಣಿಗೆ ಬೀಳ್ತಿತ್ತು. ಅವರು ಬರೋದ್ರೊಳಗೆ ಬಿರುಕು ತುಂಬಿಸಬೇಕಿತ್ತು. ಮೇಸ್ತ್ರೀನ ಬೆಳಿಗ್ಗೇನೇ ಹಚ್ಚಿದೆ. ಇನ್ನು ಆರು ಗಂಟೆ ಹೊತ್ತು ನಿಲ್ಲುತ್ತೆ ಅಂದ್ಕೊಂಡೆ.”

“ಮೇಸ್ತ್ರಿ ಬೇಡ ಅಂದಿದ್ದ.”

“ಅಂದಿದ್ದ. ಹೆದರಿಕೆ ಇದ್ರೆ ನಾಳೆಯಿಂದ ಬರಬೇಡ ಅಂದೆ. ಹೋಗಿ ನಿಂತ.”

“ಅವನ ಮೇಲೇ ಯಾಕೆ ಹಾಕಿದ್ರಿ?”

“ಗೋಡೆ ತಾನಾಗಿ ಬಿತ್ತು ಅಂದ್ರೆ ಉಳಿದಿದ್ದನ್ನೂ ಕೆಡವ್ತಾರೆ. ಅವನು ಬೀಳಿಸಿದ ಅಂದ್ರೆ ಕಟ್ಟಡದ್ದೇನೂ ತಪ್ಪಿರಲ್ಲ.” ಬಾಗಿಲ ಮೇಲಿನ ಇಟ್ಟಿಗೆ ಕಮಾನಿನತ್ತ ಕೈ ತೋರಿಸಿ ಹೇಳಿದಳು: “ಮೇಸ್ತ್ರಿಗಳು ಸಿಗ್ತಾರೆ ಇನ್ಸ್‌ಪೆಕ್ಟರೇ. ಇಂಥ ಕಮಾನು ಇನ್ನೊಂದೆಲ್ಲಿದೆ?”

ಇನ್ಸ್‌ಪೆಕ್ಟರ್‌ಗೆ ಮೈ ಉರಿಯಿತು. ಎರಡು ದಿನದ ಹಿಂದೆ ಇದೇ ಬಾಯಿಯ ಮಾತನ್ನು ನಂಬಿ ಸಹಿ ಹಾಕಿದ್ದ ತನ್ನ ಮೇಲೂ ಅಸಹ್ಯವಾಯಿತು.

ಸಂಜೆ ಐದೂ ಹತ್ತಕ್ಕೆ ಬಂಧನ. ಕೊಲೆಯಲ್ಲದ ನರಹತ್ಯೆ, ಪೊಲೀಸರಿಗೆ ಸುಳ್ಳು ಹೇಳಿಕೆ. ಇಪ್ಪತ್ತಾರು ವರ್ಷ ಪಾಠ ಮಾಡಿದ ಶಾಲೆಯನ್ನು ಒಂದು ಭಾನುವಾರ ಕಣ್ಣೆದುರೇ ನೆಲಸಮ ಮಾಡಿದಾಗ ಅವಳು ಈ ಸಂಘ ಕಟ್ಟಿದ್ದಳು ಎಂದು ಕೇಸ್ ಡೈರಿಯ ಕೊನೆಯಲ್ಲಿ ಎರಡು ಸಾಲು ಸೇರಿತು.

ಅವಳನ್ನು ಹೊರಗೆ ಕರೆತರುವಾಗ ನಗರಸಭೆಯ ಜವಾನ ಬಾಗಿಲಿಗೆ ನೋಟೀಸು ಅಂಟಿಸುತ್ತಿದ್ದ. ಗೋಡೆ ಕುಸಿದು ಸಾವು ಸಂಭವಿಸಿರುವುದರಿಂದ ಕಟ್ಟಡವನ್ನು ಏಳು ದಿನದೊಳಗೆ ಕೆಡವತಕ್ಕದ್ದು. ಓದಿದವಳೇ ಅಲ್ಲೇ ಕುಸಿದು, ಬಿಕ್ಕಿ ಬಿಕ್ಕಿ ಅತ್ತಳು. ಮಹಿಳಾ ಕಾನ್‌ಸ್ಟೇಬಲ್ ರಟ್ಟೆ ಹಿಡಿದು ಜೀಪಿಗೆ ಹತ್ತಿಸಬೇಕಾಯಿತು.

ಗೇಟಿನ ಬಳಿ ಮೇಸ್ತ್ರಿಯ ಹೆಂಡತಿ ನಿಂತಿದ್ದಳು. ಅವಳಿಗೆ ಓದು ಬಾರದು.

“ಬರೆದ್ರಾ ಸಾರ್?”

“ಬರೆದೆ. ನಿಮ್ಮನೆಯವರ ತಪ್ಪು ಎಳ್ಳಷ್ಟೂ ಇಲ್ಲ ಅಂತ.”

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಜೀಪಿನ ಕಡೆ ನೋಡಿದಳು.

“ಪಾಪ, ಎಷ್ಟು ಅಳ್ತಾವ್ರೆ. ಕೊನೆಗೂ ನಮ್ಮನೆಯವರಿಗೋಸ್ಕರ ಅತ್ತರಲ್ಲ. ನನಗೆ ಅಷ್ಟು ಸಾಕು.”

ಇನ್ಸ್‌ಪೆಕ್ಟರ್ ಬಾಗಿಲ ಮೇಲಿನ ನೋಟೀಸನ್ನೊಮ್ಮೆ ನೋಡಿದ.

“ಹೌದಮ್ಮ,” ಎಂದ.