ಬಾಗಿಲಾಚೆ ಏರಿದ ರ್‍ಯಾಂಕು

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ನನ್ನ ಕಾದಂಬರಿಯನ್ನು ನಾಯಿಯೂ ಮೂಸಿ ನೋಡುತ್ತಿರಲಿಲ್ಲ. ಆನ್‌ಲೈನ್ ಮಾರಾಟದ ರ್‍ಯಾಂಕು ಏರಲೆಂದು ನಾನೇ ಒಂದು ಪ್ರತಿಗೆ ಆರ್ಡರ್ ಹಾಕಿ, ಪುಟವನ್ನು ರಿಫ್ರೆಶ್ ಮಾಡಿದೆ. ರ್‍ಯಾಂಕು ಏರಿತು. ಕೋಣೆಯ ಬಾಗಿಲಾಚೆ ಪುಸ್ತಕ ಬಿದ್ದಂತೆ ಧಪ್ ಎಂದಿತು. ಮತ್ತೆ ರಿಫ್ರೆಶ್ ಒತ್ತಿದೆ, ಮತ್ತೆ ಏರಿತು, ಮತ್ತೆ ಧಪ್. ಖುಷಿಯಲ್ಲಿ ಒತ್ತುತ್ತಲೇ ಹೋದೆ. ಬಾಗಿಲ ಸಂದಿಯ ಬಿಸಿಲು ಬುಡದಿಂದ ಮೇಲಕ್ಕೆ ಮುಚ್ಚಿಕೊಳ್ಳುತ್ತಾ ಬಂತು. ಹೊಸ ಕಾಗದದ ವಾಸನೆ ಮೂಗಿಗೆ ಅಡರಿತು. ಗಾಬರಿಯಾಗಿ ಬಾಗಿಲು ನೂಕಿದೆ, ಅಲ್ಲಾಡಲಿಲ್ಲ.

"ಅಕ್ಕಾ, ಬಾಗಿಲಿಗೆ ಅಡ್ಡ ಇರೋದನ್ನ ತೆಗಿಯೇ!" ಎಂದು ಕೂಗಿದೆ.

"ಬಾಗಿಲು ತೆರೆದೇ ಇದೆಯಲ್ಲೋ. ನಿನ್ನ ಕೋಣೇಲೇ ನಿಂತಿದ್ದೀನಿ. ನೀನೆಲ್ಲಿದ್ದೀಯ?" ಎಂದಳು.

ಇದನ್ನು ಬರೆಯುವಾಗಲೂ ಕರೆಯುತ್ತಲೇ ಇದ್ದಾಳೆ, ದನಿ ಮಾತ್ರ ಸಣ್ಣಗಾಗುತ್ತಿದೆ. ನಾನು ಒತ್ತುವುದನ್ನು ಆಗಲೇ ನಿಲ್ಲಿಸಿದೆ. ರ್‍ಯಾಂಕು ಏರುತ್ತಲೇ ಇದೆ.