ಯಾರೂ ಒಯ್ಯದ ಮದುವೆ ಫೋಟೋ

"ಹಲ್ಲು ನೋವಲ್ಲ ಡಾಕ್ಟ್ರೇ. ನಿಮ್ಮ ದೊಡ್ಡಮ್ಮನ್ನ ನೋಡಬೇಕಿತ್ತು," ಎಂದು ಫ್ರೇಮ್ ಅಂಗಡಿಯ ಅಕ್ಕ ಬಾಗಿಲಲ್ಲೇ ನಿಂತು ಹೇಳಿದಾಗ ದಂತವೈದ್ಯನಿಗೆ ಆಶ್ಚರ್ಯವೇನೂ ಆಗಲಿಲ್ಲ. ಅವನ ಕ್ಲಿನಿಕ್ಕಿಗೆ ಬರುವವರಲ್ಲಿ ಅರ್ಧ ಮಂದಿ ಅವನಿಗಾಗಿ ಬರುವುದನ್ನು ಬಿಟ್ಟು ಬಹಳ ಕಾಲವಾಗಿತ್ತು. ದೊಡ್ಡಮ್ಮ ಮೊದಲು ವಿಮಾ ಕಂಪನಿಯೊಂದರಲ್ಲಿದ್ದವರು. ಸುಟ್ಟುಹೋದ ಅಂಗಡಿಗಳ ಬೂದಿ ಕೆದಕಿ, ಬೆಂಕಿ ತಾನಾಗಿ ಬಿತ್ತೋ ಯಾರಾದರೂ ಹಚ್ಚಿದರೋ ಎಂದು ಹೇಳುವುದು ಅವರ ಕೆಲಸವಾಗಿತ್ತು. ನಿವೃತ್ತರಾದ ಮೇಲೆ ಬೂದಿ ಸಿಗದೆ, ಮಗನಂತಿದ್ದ ಇವನ ಕ್ಲಿನಿಕ್ಕಿನಲ್ಲಿ ಕುಳಿತು ರೋಗಿಗಳ ಮುಖ ಕೆದಕುತ್ತಿದ್ದರು.

ಬಾಗಿಲು ಹಾಕಿಸಿ ಅಕ್ಕ ಹೇಳಿದ್ದು ಇಷ್ಟು. ಮಳಿಗೆಯನ್ನೇ ಕೊಂಡುಬಿಡಬೇಕೆಂದು ಅವಳೂ ತಮ್ಮನೂ ಹೊಟ್ಟೆಬಟ್ಟೆ ಕಟ್ಟಿ ಉಳಿಸಿದ್ದನ್ನೆಲ್ಲ ಕ್ರಿಪ್ಟೊದಲ್ಲಿ ಇಟ್ಟಿದ್ದರು. ಅದರ ಕೀಲಿ ಹಾರ್ಡ್‌ವೇರ್ ವಾಲೆಟ್ ಎಂಬ ಹೆಬ್ಬೆರಳಿನಷ್ಟು ಯಂತ್ರದೊಳಗಿತ್ತು. ಎಷ್ಟಿದೆಯೆಂದು ಫೋನಿನ ಆ್ಯಪ್‌ನಲ್ಲಿ ನೋಡಬಹುದು. ಕಳಿಸಬೇಕೆಂದರೆ ಮಾತ್ರ ಯಂತ್ರಕ್ಕೆ ಪಿನ್ ಕೊಟ್ಟು ಅದರ ಗುಂಡಿಯನ್ನೇ ಒತ್ತಬೇಕು. ಯಂತ್ರ ಕೆಟ್ಟರೆ ಬೇಕಾಗುತ್ತದೆಂದು, ಮೊದಲ ದಿನ ಅದು ತೋರಿಸಿದ ಇಪ್ಪತ್ನಾಲ್ಕು ಪದಗಳನ್ನು ಅಕ್ಕ ಬರೆದು ಬಚ್ಚಿಟ್ಟಿದ್ದಳು. ಆ ಪದಗಳು ಯಾರ ಕೈಗೆ ಸಿಗುತ್ತವೆಯೋ ಹಣ ಅವರದು.

"ಹೋದ ವಾರ ಡ್ರಾಯರಿನಲ್ಲಿದ್ದ ಯಂತ್ರ ತೆಗೆದ್ರೆ, ಅಂಗಡಿಯಿಂದ ಆಗಷ್ಟೇ ತಂದ ಹಾಗೆ ಖಾಲಿ. ಯಾರೋ ಪಿನ್ ತಪ್ಪಾಗಿ ಒತ್ತಿದಾರೆ. ಮೂರು ಸಲ ತಪ್ಪಿದ್ರೆ ಅದು ಎಲ್ಲಾ ಅಳಿಸಿಕೊಂಡುಬಿಡುತ್ತೆ," ಎಂದಳು ಅಕ್ಕ. "ನಾನು ಅಳ್ತಾ ಕೂತೆ. ಮೇಲಿನ ಕೋಣೆ ಚಿತ್ರಗಾರರೇ ಧೈರ್ಯ ಹೇಳಿದ್ದು. ಪದಗಳಿದ್ರೆ ಎಲ್ಲಾ ವಾಪಸ್ ಬರುತ್ತೆ, ತಡ ಮಾಡಬೇಡಿ ಅಂದ್ರು. ಬಾಗಿಲು ಹಾಕ್ಕೊಂಡು ಒಬ್ಬಳೇ ಪದ ತೆಗೆದು ಯಂತ್ರಕ್ಕೆ ಕೊಟ್ಟೆ, ಸರಿಹೋಯ್ತು. ನಿನ್ನೆ ಆ್ಯಪ್ ನೋಡ್ತೀನಿ, ಸೊನ್ನೆ."

"ಪದಗಳು ಎಲ್ಲಿದ್ವಮ್ಮ?" ಎಂದರು ದೊಡ್ಡಮ್ಮ.

ಅಕ್ಕ ದನಿ ತಗ್ಗಿಸಿದಳು. ಅಂಗಡಿಯ ಗೋಡೆ ತುಂಬ ಫ್ರೇಮುಗಳು. ಅವುಗಳ ನಡುವೆ, ಯಾರೋ ಕಟ್ಟು ಹಾಕಿಸಿ ಒಯ್ಯದೇ ಬಿಟ್ಟ ಮದುವೆ ಫೋಟೋ ಒಂದಿತ್ತು. ಅದರ ಬೆನ್ನಿಗೆ ಅಂಟಿಸಿದ ಕಂದು ಕಾಗದದ ಒಳಗೆ ಪದಗಳಿದ್ದವು.

"ಈ ಜಾಗ ಯಾರಿಗೂ ಹೇಳಿಲ್ಲ. ತಮ್ಮನಿಗೂ ಇಲ್ಲ, ಮಗಳಿಗೂ ಇಲ್ಲ. ಆದ್ರೆ ಅಂಗಡಿ ಹಿಂದೆ ಮಲಗೋನು ಅವನು. ಇನ್ನೊಂದು ಬೀಗದ ಕೈ ಇರೋದೂ ಅವನ ಹತ್ರ. ಕೈ ಇಟ್ಟು ಹೊರಡು ಅಂದೆ." ಅವಳು ಬೀಗದ ಕೈ ಎತ್ತಿ ತೋರಿಸಿದಳು. "ಇಟ್ಟ. ನಾಳೆ ಊರೇ ಬಿಡ್ತಾನಂತೆ. ಅವನೇ ಕಳ್ಳ ಅಂತಾದ್ರೂ ಹೇಳಿ, ಅಲ್ಲ ಅಂತಾದ್ರೂ ಹೇಳಿ. ಹೀಗಿರೋಕೆ ಆಗ್ತಿಲ್ಲ."

ಸಂಜೆ ಶಟರ್ ಎಳೆಸಿ, ಅಕ್ಕ ಒಬ್ಬಳನ್ನೇ ಜೊತೆಗಿಟ್ಟುಕೊಂಡು ದೊಡ್ಡಮ್ಮ ಫ್ರೇಮುಗಳನ್ನು ತಿರುಗಿಸಿ ನೋಡಿದರು. ಉಳಿದವುಗಳ ಬೆನ್ನಿನ ಕಾಗದ ಧೂಳು ಕುಡಿದು ಕಪ್ಪಾಗಿತ್ತು. ಮದುವೆ ಫೋಟೋದ್ದು ಮಾತ್ರ ಹೊಸದು. ಒಂದೊಂದನ್ನೂ ಬೆರಳಲ್ಲಿ ತಟ್ಟಿದರು. ಬೇರೆಯವು ಬಿಗಿಯಾಗಿ ಟಕಟಕ ಎಂದರೆ, ಇದು ಅಲ್ಲಾಡುವ ಹಲ್ಲಿನಂತೆ ಸಡಿಲವಾಗಿತ್ತು.

"ಕಾಗದ ಒದ್ದೆ ಮಾಡಿ ಅಂಟಿಸ್ತೀರಾ?"

"ಹೂಂ ಅಮ್ಮ. ಒಣಗಿದ ಮೇಲೆ ಬಿಗಿದುಕೊಳ್ಳುತ್ತೆ. ಅಪ್ಪ ನಮ್ಮಿಬ್ಬರಿಗೂ ಕಿವಿ ಹಿಂಡಿ ಕಲಿಸಿದ್ದು. ಮಗಳಿಗೆ ಇದ್ಯಾವುದೂ ಬೇಡ."

ದಂತವೈದ್ಯನ ಅನುಮಾನವೆಲ್ಲ ಆ ಮಗಳ ಮೇಲೆಯೇ ಇತ್ತು. ಮಾತಾಡಿಸಿದಾಗ ಹುಡುಗಿ ಫೋನಿನಿಂದ ತಲೆಯೆತ್ತದೆ, "ಪಿನ್ ನಂಗೂ ಗೊತ್ತು. ನಾನೇ ಆರಿಸಿಕೊಟ್ಟಿದ್ದು. ಏನೀಗ?" ಎಂದಳು. ಮಧ್ಯಾಹ್ನ ಅಂಗಡಿಯಲ್ಲಿ ಯಾರಿರುತ್ತಾರೆ ಎಂದರೆ, "ಮಾಮ ಫ್ರೇಮ್ ತಲುಪಿಸೋಕೆ ಹೋಗಿರ್ತಾರೆ. ನಾನಿರ್ತೀನಿ. ಊಟಕ್ಕೆ ಹೋದಾಗ ಮೇಲಿನ ಅಂಕಲ್ ನೋಡ್ಕೊಳ್ತಾರೆ," ಎಂದಳು. ಇಷ್ಟು ಉಡಾಫೆ ಇರುವವರು ಏನನ್ನೂ ಮಾಡಿಯಾರು ಎಂದುಕೊಂಡ ಅವನು.

ಚಿತ್ರಗಾರ ಹಾಗಲ್ಲ. ಮೆಟ್ಟಿಲವರೆಗೂ ಬಂದು ಕರೆದೊಯ್ದ, ಚಹಾ ಕೊಟ್ಟ. ಅವನ ಹಲ್ಲುಗಳು ಒಂದೂ ಹುಳುಕಿಲ್ಲದೆ ಸಾಲಾಗಿದ್ದವು, ಅಂಥವರನ್ನು ಅನುಮಾನಿಸುವುದು ದಂತವೈದ್ಯನಿಂದ ಆಗದ ಕೆಲಸ. "ಕ್ರಿಪ್ಟೊ ಬಗ್ಗೆ ಅವರಿಗೆ ಹೇಳಿಕೊಟ್ಟಿದ್ದೇ ನಾನು, ಹೊಟ್ಟೆ ಉರಿಯುತ್ತೆ," ಎಂದ ಚಿತ್ರಗಾರ. "ಪಾಪ, ಗುರುತು ಪರಿಚಯ ಇಲ್ಲದ ಮದುಮಕ್ಕಳನ್ನ ಅಷ್ಟೊಂದು ನಂಬಬಾರದಿತ್ತು." ದಂತವೈದ್ಯ ನಕ್ಕ. ದೊಡ್ಡಮ್ಮ ಚಹಾ ಪೂರ್ತಿ ಕುಡಿಯದೆ ಎದ್ದರು.

ಮರುದಿನ ಬೆಳಿಗ್ಗೆ ಎಲ್ಲರನ್ನೂ ಅಂಗಡಿಗೆ ಕರೆಸಿದರು. ತಮ್ಮ ಬ್ಯಾಗು ಹೆಗಲಿಗೇರಿಸಿಕೊಂಡೇ ಬಂದು ಬಾಗಿಲ ಬಳಿ ನಿಂತ. ಅಕ್ಕನ ಕಡೆ ತಿರುಗಿಯೂ ನೋಡಲಿಲ್ಲ.

"ಪಿನ್ ಗೊತ್ತಿದ್ದೋರು ಅದನ್ನ ತಪ್ಪಾಗಿ ಯಾಕೆ ಒತ್ತುತಾರೆ? ಸರಿಯಾಗಿ ಒತ್ತಿ ಹಣ ಕಳಿಸಿಕೊಂಡು ಸುಮ್ಮನಿರ್ತಾರೆ," ಎಂದು ದೊಡ್ಡಮ್ಮ ಶುರು ಮಾಡಿದರು. "ಹಾಗಾಗಿ ಹುಡುಗಿ ಅಲ್ಲ." ದಂತವೈದ್ಯ ಕಿಟಕಿಯಾಚೆ ನೋಡತೊಡಗಿದ.

"ಕಳ್ಳನಿಗೆ ಪಿನ್ ಗೊತ್ತಿರಲಿಲ್ಲ. ಯಂತ್ರ ಬೇಕಾಗಿಯೂ ಇರಲಿಲ್ಲ. ಅದನ್ನ ಬೇಕಂತಲೇ ಅಳಿಸಿದ್ದು, ಈಯಮ್ಮನ್ನ ಪದಗಳ ಹತ್ತಿರ ನಡೆಸೋಕೆ. ಫ್ರೇಮ್ ಅಂಗಡೀಲಿ ಬಚ್ಚಿಡೋದು ಫ್ರೇಮಲ್ಲೇ ಅಂತ ಊಹಿಸಬಹುದು, ಆದ್ರೆ ಇಷ್ಟು ಫ್ರೇಮಲ್ಲಿ ಯಾವುದು ಅಂತ ಹುಡುಕ್ತಾ ಕೂರೋಕಾಗಲ್ಲ. ಒಂದು ಸಲ ಬಿಚ್ಚಿ ಮತ್ತೆ ಅಂಟಿಸಿದ್ರೆ, ಎಲ್ಲಾ ಕಪ್ಪು ಕಾಗದದ ನಡುವೆ ಹೊಸ ಕಾಗದ ತಾನೇ ಎದ್ದು ಕಾಣುತ್ತೆ. ಅಂಗಡಿ ಖಾಲಿ ಇದ್ದಾಗ ಒಂದೊಂದೇ ತಿರುಗಿಸಿ ನೋಡಿದ್ರೆ ಆಯ್ತು."

"ಅಂಗಡೀಲಿ ಇರೋನು ನಾನೇ ಅಲ್ವಾ," ಎಂದ ತಮ್ಮ, ನೆಲ ನೋಡುತ್ತ.

"ನೀನೇ. ಆದ್ರೆ ಪದ ನೋಡಿದ ಮೇಲೆ ಕಳ್ಳ ಅದೇ ಬೆನ್ನಿಗೆ ಬೇರೆ ಕಾಗದ ಅಂಟಿಸಿದಾನೆ. ಒಣ ಕಾಗದ. ಜೋಲುಬಿದ್ದಿದೆ. ನಿನ್ನ ಕೈಗೆ ಅದು ಬೇಕಂದ್ರೂ ಬರಲ್ಲಪ್ಪ, ಅಪ್ಪ ಕಿವಿ ಹಿಂಡಿರೋದು ಸುಳ್ಳಾಗಲ್ಲ." ಅವರು ಚಿತ್ರಗಾರನ ಕಡೆ ತಿರುಗಿದರು. "ಜಾಗ ಯಾವುದು ಅಂತ ಈಯಮ್ಮ ಹೇಳಿದ್ದು ನಮಗಿಬ್ಬರಿಗೇ. ನಿಮಗೆ ಮದುಮಕ್ಕಳ ಸುದ್ದಿ ಯಾರು ಹೇಳಿದ್ರು?"

ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು.

"ಏನೋ ಮಾತಿಗೆ ಅಂದೆ," ಎಂದ ಚಿತ್ರಗಾರ. ಮೊದಲ ಸಲ ಅವನ ಹಲ್ಲು ಕಾಣಲಿಲ್ಲ.

"ಇರಬಹುದು. ಹಣ ಯಾವ ವಿಳಾಸಕ್ಕೆ ಹೋಗಿದೆ ಅಂತ ಯಾರು ಬೇಕಾದ್ರೂ ನೋಡಬಹುದಂತೆ. ಅಲ್ಲೇ ಇದೆ, ಕದಲಿಲ್ಲ. ಪೊಲೀಸರು ಬರೋವರೆಗೂ ಎಲ್ಲಾ ಇಲ್ಲೇ ಕೂರೋಣ. ಆಮೇಲೆ ಆ ವಿಳಾಸದ ಕೀಲಿ ಇದೆಯಾ ಅಂತ ನಿಮ್ಮ ಕೋಣೆ ಅವರೇ ನೋಡ್ಲಿ."

ಚಿತ್ರಗಾರ ಬಹಳ ಹೊತ್ತು ಕೂರಲಿಲ್ಲ. ಜೇಬಿನಿಂದ ಅಂಥದ್ದೇ ತನ್ನ ಯಂತ್ರ ತೆಗೆದು ಮೇಜಿನ ಮೇಲಿಟ್ಟ. ವಾಪಸ್ ಹಾಕಿಬಿಡುತ್ತೇನೆ ಎಂದಾಗ ದೊಡ್ಡಮ್ಮ ಕೈ ಅಡ್ಡ ಹಿಡಿದರು. "ಹಳೇ ಪದಗಳಿಗೆ ಹಾಕಿದ್ರೆ ಮತ್ತೆ ನಿಮ್ಮ ಜೇಬಿಗೇ ಹಾಕಿದ ಹಾಗೆ. ಮೊದಲು ಇವರು ಹೊಸ ಪದ ತಗೊಳ್ಳಲಿ."

ಅಕ್ಕ ತನ್ನ ಯಂತ್ರವನ್ನು ಅಳಿಸಿ ಹೊಸದಾಗಿ ತೆರೆದು, ಮೂಲೆಗೆ ಹೋಗಿ, ಹೊಸ ಪದಗಳನ್ನು ಬರೆದುಕೊಂಡಳು. ಬಂದು ಮಗಳನ್ನು ಬಿಟ್ಟು ತಮ್ಮನನ್ನು ಕರೆದಳು. ಅವಳ ಯಂತ್ರದ ಪುಟ್ಟ ಪರದೆಯಲ್ಲಿದ್ದ ವಿಳಾಸವನ್ನು ತಮ್ಮ ಅಕ್ಷರ ಅಕ್ಷರ ಓದಿದ. ಚಿತ್ರಗಾರನ ಯಂತ್ರದಲ್ಲಿ ಅದೇ ಬಂದಿದೆಯೇ ಎಂದು ಅಕ್ಕ ಬೆರಳಿಟ್ಟು ನೋಡಿದಳು. ಸ್ವಲ್ಪ ಹೊತ್ತಿಗೆ ಆ್ಯಪ್‌ನಲ್ಲಿ ಸೊನ್ನೆ ಹೋಗಿ ಹಣ ಕಾಣಿಸಿತು. ಚಿತ್ರಗಾರನನ್ನು ಕರೆದೊಯ್ಯಲು ಪೊಲೀಸರೂ ಬಂದರು.

ಎಲ್ಲ ಮುಗಿದ ಮೇಲೆ ಅಕ್ಕ ಬೀಗದ ಕೈ ತಮ್ಮನ ಮುಂದೆ ಹಿಡಿದಳು. ಇನ್ನೊಂದು ಕೈಯಲ್ಲಿ ಪದಗಳ ಚೀಟಿ ಮಡಿಸಿಕೊಂಡಿದ್ದಳು. "ತಪ್ಪಾಯ್ತು ಕಣೋ. ಇದನ್ನ ಎಲ್ಲಿಡ್ತೀನಿ ಅಂತ ಈ ಸಲ ನಿನಗೂ ಹೇಳ್ತೀನಿ."

ತಮ್ಮ ಬ್ಯಾಗು ಕೆಳಗಿಟ್ಟ. ಬೀಗದ ಕೈ ತೆಗೆದುಕೊಂಡ. ಮದುವೆ ಫೋಟೋವನ್ನು ಮೇಜಿನ ಮೇಲೆ ಬೋರಲು ಹಾಕಿ, ಸಡಿಲ ಕಾಗದವನ್ನು ಕಿತ್ತೆಸೆದು, ಹೊಸ ಕಾಗದಕ್ಕೆ ಬ್ರಷ್ಷಿನಿಂದ ನೀರು ಸವರತೊಡಗಿದ.

"ಬೇಡ ಅಕ್ಕ," ಎಂದ, ತಲೆ ಎತ್ತದೆ. "ನನಗೆ ಗೊತ್ತಿಲ್ಲದೆ ಇದ್ದಾಗಲೇ ನಾನು ಕಳ್ಳ ಆದೆ."